ಮಳೆಗಾಲಕ್ಕೂ ಜಗ್ಗದ ಕಪಾಟಿನ ಬಾಗಿಲು: ಚೌಕಟ್ಟು ಮತ್ತು ಹಲಗೆಯ ಕದವನ್ನು ಮನೆಯಲ್ಲೇ ಮಾಡುವ ಬಗೆ

ಜೂನ್ ತಿಂಗಳಲ್ಲಿ ಮುಂಬಯಿಗೆ ಮಳೆ ಇಳಿದು ಹದಿನೈದು ದಿನ ಕಳೆಯುವಷ್ಟರಲ್ಲಿ, ನಮ್ಮ ಕಟ್ಟಡದ ಯಾವುದಾದರೊಂದು ಮನೆಯಿಂದ ಕಪಾಟಿನ ಬಾಗಿಲನ್ನು ಮೊಣಕಾಲಿನಿಂದ ಗುದ್ದಿ ಮುಚ್ಚುವ ಸದ್ದು ಕೇಳಿಸತೊಡಗುತ್ತದೆ. ಬಡಗಿಯನ್ನು ಕರೆಸುತ್ತಾರೆ, ಅವನು ಅಂಚನ್ನು ರಂಧಾದಿಂದ (ಉಜ್ಜುಗೊರಡಿನಿಂದ) ಒಂದಿಷ್ಟು ಕೆರೆದು ಹೋಗುತ್ತಾನೆ, ಡಿಸೆಂಬರಿನ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಜಿರಳೆ ಸರಾಗವಾಗಿ ಓಡಾಡುತ್ತದೆ. ಬಾಗಿಲಿಗೆ ಯಾವ ರೋಗವೂ ಬಂದಿರಲಿಲ್ಲ. ಮರ ತನ್ನ ಸ್ವಭಾವದಂತೆ ಉಬ್ಬಿತ್ತು, ಆಮೇಲೆ ಕುಗ್ಗಿತು. ಈ ಉಬ್ಬುವಿಕೆಯನ್ನು ತಡೆಯಲು ಯಾವ ಅಂಟಿಗೂ ಯಾವ ಮೊಳೆಗೂ ಸಾಧ್ಯವಿಲ್ಲ. ಆದ್ದರಿಂದ ಹಿಂದಿನವರು ಅದನ್ನು ತಡೆಯುವ ಬದಲು ಅದಕ್ಕೆ ಜಾಗ ಮಾಡಿಕೊಟ್ಟು, ನಾಲ್ಕು ಪಟ್ಟಿಗಳ ಚೌಕಟ್ಟಿನೊಳಗೆ ಹಲಗೆಯನ್ನು ಅಂಟಿಲ್ಲದೆ ಕೂರಿಸುವ ಕ್ರಮವನ್ನು ರೂಢಿಗೆ ತಂದರು. ಹಳೆಯ ಚಾಳುಗಳ ಬಾಗಿಲುಗಳಲ್ಲಿಯೂ ಗೋವೆಯ ಹಳೆಯ ಮನೆಗಳ ಕಪಾಟುಗಳಲ್ಲಿಯೂ ನಮ್ಮ ಕರಾವಳಿಯ ಹಲಸಿನ ಮರದ ಕದಗಳಲ್ಲಿಯೂ ಕಾಣುವುದು ಇದೇ ಕ್ರಮ.

ನಾನು ಡೊಂಬಿವಲಿಯ ಮನೆಯಲ್ಲಿ ಮಾಡಿದ ಮೊದಲ ಬಾಗಿಲಿನಲ್ಲಿ ಹಲಗೆಯನ್ನು ಚೌಕಟ್ಟಿನ ಜಾಡಿನೊಳಗೆ, ಅಂದರೆ ಒಳ ಅಂಚಿನಲ್ಲಿ ಕೊರೆದ ಉದ್ದನೆಯ ಕಾಲುವೆಯೊಳಗೆ, ಒತ್ತಾಗಿ ಕೂರಿಸಿ, ಭದ್ರವಾಗಿರಲಿ ಎಂದು ಸುತ್ತಲೂ ಅಂಟನ್ನೂ ಸುರಿದಿದ್ದೆ. ಮೇ ತಿಂಗಳಲ್ಲಿ ಅದು ನೋಡಲು ಬಹಳ ಚೆನ್ನಾಗಿತ್ತು. ಜುಲೈ ಕೊನೆಗೆ ಕೆಳಗಿನ ಮೂಲೆಯ ಬೆಸುಗೆ ಎರಡು ಮಿಲಿಮೀಟರಿನಷ್ಟು ಬಾಯಿಬಿಟ್ಟಿತು. ತಪ್ಪು ಮಳೆಯದಲ್ಲ, ಅಂಟಿನದೂ ಅಲ್ಲ, ನನ್ನದೇ. ಆ ಬಾಗಿಲನ್ನು ಬಿಚ್ಚಿ ಮತ್ತೆ ಮಾಡಿದಾಗ ಕಲಿತದ್ದನ್ನು, 400 ಮಿ.ಮೀ. ಅಗಲ ಮತ್ತು 600 ಮಿ.ಮೀ. ಎತ್ತರದ ಒಂದು ಬಾಗಿಲನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಕೈಗೆ ರೂಢಿಯಿಲ್ಲದವರಿಗೆ ಎರಡು ವಾರಾಂತ್ಯಗಳ ಕೆಲಸ. ಪಾಲಿಶ್ ಒಣಗುವ ಕಾಲ ಬೇರೆ.

ಮರ ಎಷ್ಟು ಉಬ್ಬುತ್ತದೆ

ಅಳತೆಗಳೆಲ್ಲ ಇದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮರವು ಗಾಳಿಯ ತೇವಾಂಶಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ ಮತ್ತು ಬಿಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65ರಷ್ಟಿರುವಾಗ ಮರದೊಳಗಿನ ತೇವ ಅದರ ಒಣತೂಕದ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ, ಶೇ. 85ರಷ್ಟಾದಾಗ ಅದು 17–18ರವರೆಗೆ ಏರುತ್ತದೆ. ಮುಂಬಯಿಯ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಗಾಳಿಯ ತೇವಾಂಶ ಶೇ. 80ನ್ನು ದಾಟಿಯೇ ಇರುತ್ತದೆ, ಚಳಿಗಾಲದಲ್ಲಿ ಬಹಳಷ್ಟು ಇಳಿಯುತ್ತದೆ. ಹೀಗೆ ವರ್ಷದೊಳಗೆ ಮರದ ತೇವದಲ್ಲಿ ಐದಾರು ಅಂಶಗಳ ಏರಿಳಿತವಾಗುತ್ತದೆ ಎಂದು ಲೆಕ್ಕ ಹಿಡಿದರೆ ಮೋಸವಿಲ್ಲ.

ತೇಗದ ಮರವನ್ನು ಅದರ ವರ್ಷಬಳೆಗಳ ಸುತ್ತಿನ ದಿಕ್ಕಿನಲ್ಲಿ ಸೀಳಿದ ಹಲಗೆಯು, ಅಂದರೆ ಮುಖದ ಮೇಲೆ ಕಮಾನಿನಂಥ ಗೆರೆಗಳು ಕಾಣುವ ಹಲಗೆಯು, ತೇವದ ಪ್ರತಿ ಒಂದು ಅಂಶಕ್ಕೆ ಅಗಲದಲ್ಲಿ ಸುಮಾರು ಶೇ. 0.19ರಷ್ಟು ಹಿಗ್ಗುತ್ತದೆ. ಗೆರೆಗಳು ನೇರವಾಗಿ ಸಮಾನಾಂತರವಾಗಿ ಓಡುವಂತೆ ಸೀಳಿದ ಹಲಗೆಯ ಹಿಗ್ಗುವಿಕೆ ಅದರ ಅರ್ಧದಷ್ಟು ಮಾತ್ರ. ಉದ್ದದಲ್ಲಿ ಮರ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಈಗ ಲೆಕ್ಕ ಹಾಕಿ: 400 ಮಿ.ಮೀ. ಅಗಲದ ಬಾಗಿಲನ್ನು ಪೂರಾ ಹಲಗೆಗಳನ್ನೇ ಜೋಡಿಸಿ ಮಾಡಿದರೆ ಮಳೆಗಾಲಕ್ಕೆ ಅದು ನಾಲ್ಕೂವರೆ ಮಿಲಿಮೀಟರಿನಷ್ಟು ಅಗಲವಾಗಬಲ್ಲದು. ಅದೇ ಬಾಗಿಲಿನ ಎರಡು ಬದಿಗೆ 60 ಮಿ.ಮೀ. ಅಗಲದ ನಿಲುಪಟ್ಟಿಗಳನ್ನು ಕೊಟ್ಟು, ನಡುವೆ ಉದ್ದುದ್ದ ಎಳೆಯ ಅಡ್ಡಪಟ್ಟಿಗಳನ್ನು ಸೇರಿಸಿದರೆ, ಬಾಗಿಲಿನ ಅಗಲ ಬದಲಾಗುವುದು ಆ ಎರಡು ನಿಲುಪಟ್ಟಿಗಳ 120 ಮಿಲಿಮೀಟರಿನಲ್ಲಿ ಮಾತ್ರ, ಅಂದರೆ ಒಂದೂಕಾಲು ಮಿಲಿಮೀಟರಿನಷ್ಟು. ನಡುವಿನ ಹಲಗೆ ಉಬ್ಬಿದರೂ ಜಾಡಿನೊಳಗೆ ಉಬ್ಬುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಮರ ಕೊಳ್ಳುವುದು

ಮುಂಬಯಿಯಲ್ಲಿ ಮರ ಕೊಳ್ಳಲು ರೇ ರೋಡಿನ ವಖಾರಿಗಳಿವೆ, ಪುಣೆಯವರಿಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಇದೆ. ವಖಾರಿಯಲ್ಲಿ ಭಾಷೆ ಬೇರೆಯೇ: ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಇಂಚಿಗಿಂತ ಸಣ್ಣದೆಲ್ಲ ಸೂತ್‌ನಲ್ಲಿ. ಒಂದು ಸೂತ್ ಎಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚುಕಡಿಮೆ 3 ಮಿ.ಮೀ.; ಆದ್ದರಿಂದ ‘ಆರು ಸೂತ್’ ಎಂದರೆ 19 ಮಿ.ಮೀ. ದಪ್ಪ ಎಂದು ತಿಳಿಯಬೇಕು. ಬೆಲೆ ಹೇಳುವುದು ಘನ ಅಡಿಗೆ. ಅಡಿಯಲ್ಲಿರುವ ಉದ್ದವನ್ನು ಇಂಚಿನಲ್ಲಿರುವ ಅಗಲ ಮತ್ತು ದಪ್ಪಗಳಿಂದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ನಮ್ಮ ಬಾಗಿಲಿಗೆ ಒಂದು ಇಂಚು ದಪ್ಪದ ಮರ ಸುಮಾರು 0.24 ಘನ ಅಡಿ ಬೇಕು. ಗಂಟು, ಬಿರುಕು ಮತ್ತು ನಮ್ಮ ಕೈತಪ್ಪುಗಳಿಗೆ ಸೇರಿಸಿ 0.35 ಘನ ಅಡಿ ತನ್ನಿ.

ಹೊಸ ತೇಗದ ಬೆಲೆ ಕೇಳಿ ಎದೆ ಧಸಕ್ಕೆಂದರೆ, ಕೆಡವಿದ ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ತೊಲೆಗಳಿಂದ ಬಂದ ಹಳೆಯ ತೇಗವನ್ನು ನೋಡಬಹುದು. ದಶಕಗಳ ಕಾಲ ಇದೇ ಊರಿನ ಗಾಳಿಯಲ್ಲಿ ಹದವಾದ ಮರವದು, ಇನ್ನು ತಿರುಚಿಕೊಳ್ಳುವ ಭಯ ಕಡಿಮೆ. ಆದರೆ ಅದರೊಳಗೆ ಮುರಿದ ಮೊಳೆಗಳಿರುತ್ತವೆ. ಗರಗಸ ತಾಗಿಸುವ ಮೊದಲು ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ಇಂಚಿಂಚಾಗಿ ಎಳೆದು ನೋಡಿ. ಅಯಸ್ಕಾಂತ ವಾಲಿದ ಕಡೆ ಬಣ್ಣದ ಪದರದಡಿ ಮೊಳೆಯಿದೆ ಎಂದೇ ಅರ್ಥ. ಹಿತ್ತಾಳೆಯ ತಿರುಪುಗಳನ್ನು ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಹಳೆಯ ಬಿಜಾಗರಿ (ಬಾಗಿಲಿನ ಕೀಲು) ಕೂತಿದ್ದ ಜಾಗಗಳನ್ನು ಕಣ್ಣಿನಿಂದಲೇ ಹುಡುಕಬೇಕು. ಬಣ್ಣ ಬಳಿಯುವ ಉದ್ದೇಶವಿದ್ದರೆ ಶಿವಣಿ ಮರ ಅಥವಾ ಆಮದಾದ ಪೈನ್ ಕೂಡ ನಡೆಯುತ್ತದೆ, ಆದರೆ ಪೈನ್‌ಗೆ ಗೆದ್ದಲಿನ ಭಯವಿದೆ. ತೇಗಕ್ಕೂ ಆ ಭಯವಿಲ್ಲವೆಂದಲ್ಲ: ತೇಗದ ಚೇಗನ್ನು, ಅಂದರೆ ಒಳಗಿನ ಗಾಢಬಣ್ಣದ ತಿರುಳನ್ನು, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಅಂಚಿನಲ್ಲಿರುವ ತಿಳಿಬಣ್ಣದ ಹೊರಭಾಗವನ್ನು ಮಾತ್ರ ಚೆನ್ನಾಗಿ ತಿನ್ನುತ್ತದೆ. ಕಡಿಮೆ ಬೆಲೆಗೆ ಕೊಡುವ ತೇಗದಲ್ಲಿ ಆ ಭಾಗವೇ ಜಾಸ್ತಿ.

ಪಟ್ಟಿಗಳಿಗೆ ನೇರವಾದ ಎಳೆಯ, ಗಂಟಿಲ್ಲದ ತುಂಡುಗಳನ್ನು ಆರಿಸಿ, ಚಂದದ ಗೆರೆಗಳಿರುವುದನ್ನು ಹಲಗೆಗೆ ಮೀಸಲಿಡಿ. ನಿಲುಪಟ್ಟಿ ಬಾಗಿದ್ದರೆ ಬಾಗಿಲೇ ಬಾಗಿದಂತೆ, ಹಲಗೆ ಸ್ವಲ್ಪ ಬಾಗಿದ್ದರೆ ಚೌಕಟ್ಟು ಅದನ್ನು ಹಿಡಿದಿಡುತ್ತದೆ. ವಖಾರಿಯಲ್ಲೇ ನಾಲ್ಕಡಿಯ ತುಂಡುಗಳಾಗಿ ಕತ್ತರಿಸಿಕೊಂಡರೆ ಮಧ್ಯಾಹ್ನದ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಯಾರ ಬೈಗುಳವನ್ನೂ ಕೇಳದೆ ತರಬಹುದು.

ಮನೆಗೆ ತಂದ ಮರವನ್ನು ಕೂಡಲೇ ಕುಯ್ಯಬಾರದು. ತುಂಡುಗಳ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಬಾಗಿಲು ಇರಬೇಕಾದ ಕೋಣೆಯಲ್ಲೇ ಎರಡು ಮೂರು ವಾರ ಬಿಡಿ. ತೇವಮಾಪಕ ಇಲ್ಲದಿದ್ದರೆ ಒಂದು ಸಣ್ಣ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಬದಲಾಗುವುದು ನಿಂತಾಗ ಮರ ಮನೆಯ ಗಾಳಿಗೆ ಹೊಂದಿಕೊಂಡಿದೆ.

ಅಳತೆಯ ಪಟ್ಟಿ

ಬಾಗಿಲು ಕಪಾಟಿನ ಪೆಟ್ಟಿಗೆಯ ಅಂಚುಗಳನ್ನು ಮುಚ್ಚಿಕೊಂಡು ಕೂರುವ ಬಗೆಯದೆಂದು ಇಟ್ಟುಕೊಳ್ಳೋಣ. ಪೆಟ್ಟಿಗೆಯ ಹೊರ ಅಳತೆ 403 × 603 ಮಿ.ಮೀ. ಇದ್ದರೆ, ಸುತ್ತಲೂ ಒಂದೂವರೆ ಮಿ.ಮೀ. ಬಿಟ್ಟು ಬಾಗಿಲು 400 × 600 ಆಗುತ್ತದೆ. ಮುಗಿದ ಮರದ ದಪ್ಪ 20 ಮಿ.ಮೀ., ಪಟ್ಟಿಗಳ ಅಗಲ 60 ಮಿ.ಮೀ. ಹಲಗೆ ಕೂರುವ ಜಾಡು 6 ಮಿ.ಮೀ. ಅಗಲ ಮತ್ತು 10 ಮಿ.ಮೀ. ಆಳ. ಅಡ್ಡಪಟ್ಟಿಯ ತುದಿಯಲ್ಲಿ ಚಾಚಿಕೊಂಡು ನಿಲುಪಟ್ಟಿಯ ಕಿಂಡಿಯೊಳಗೆ ಹೋಗುವ ಭಾಗವನ್ನು ನಾಲಿಗೆ ಎಂದು ಕರೆಯುತ್ತೇನೆ. ಅದರ ಉದ್ದ 35 ಮಿ.ಮೀ., ದಪ್ಪ ಜಾಡಿನಷ್ಟೇ 6 ಮಿ.ಮೀ.

ನಿಲುಪಟ್ಟಿಗಳು ಎರಡು: ಬಾಗಿಲಿನ 600 ಮಿಲಿಮೀಟರಿಗೆ ಎರಡೂ ತುದಿಯಲ್ಲಿ 25ರಂತೆ ಸೇರಿಸಿ 650 ಮಿ.ಮೀ. ಉದ್ದಕ್ಕೆ ಕುಯ್ಯಿರಿ. ಹೆಚ್ಚಿಗೆ ಬಿಟ್ಟ ಈ ತುದಿಗಳು ಕಿಂಡಿ ಕೊರೆಯುವಾಗ ಪಟ್ಟಿ ಸೀಳದಂತೆ ಕಾಯುತ್ತವೆ, ಎಲ್ಲ ಮುಗಿದ ಮೇಲೆ ಅವನ್ನು ಕತ್ತರಿಸಿ ಎಸೆಯುವುದು. ಅಡ್ಡಪಟ್ಟಿಗಳು ಎರಡು: ನಿಲುಪಟ್ಟಿಗಳ ನಡುವಿನ ಅಂತರ 400ರಿಂದ 120 ಕಳೆದು 280, ಅದಕ್ಕೆ ಎರಡು ನಾಲಿಗೆಗಳ 70 ಸೇರಿ 350 ಮಿ.ಮೀ. ಹಲಗೆ ಕೂರುವ ತೆರಪು 280 × 480. ಜಾಡಿನ ತಳದಿಂದ ತಳಕ್ಕೆ ಅಳೆದರೆ 300 × 500.

ಹಲಗೆಯನ್ನು ಎಷ್ಟಕ್ಕೆ ಕುಯ್ಯಬೇಕೆಂಬುದು ನೀವು ಯಾವ ತಿಂಗಳಲ್ಲಿ ಕೆಲಸ ಮಾಡುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. ಜನವರಿಯಿಂದ ಮೇವರೆಗೆ ಮಾಡುವುದಾದರೆ ಹಲಗೆ ಇನ್ನೂ ಹಿಗ್ಗಲಿದೆ, ಆದ್ದರಿಂದ ಅಗಲ 295 ಮಿ.ಮೀ. ಇರಲಿ, ಮಳೆಗಾಲದಲ್ಲಿ ಅದು ಮೂರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಬೆಳೆದರೂ ಜಾಡಿನ ತಳವನ್ನು ಮುಟ್ಟುವುದಿಲ್ಲ. ಆಗಸ್ಟಿನಲ್ಲಿ ಮಾಡುವುದಾದರೆ ಹಲಗೆ ಈಗಾಗಲೇ ಉಬ್ಬಿಕೊಂಡಿದೆ, 298 ಇರಲಿ. ಚಳಿಗಾಲದಲ್ಲಿ ಕುಗ್ಗಿದರೂ ಎರಡೂ ಬದಿಯ ಜಾಡಿನೊಳಗೆ ಏಳು ಮಿಲಿಮೀಟರಿಗಿಂತ ಹೆಚ್ಚೇ ಉಳಿಯುತ್ತದೆ. ಉದ್ದ ಯಾವ ಕಾಲದಲ್ಲಾದರೂ 498.

ಹತಾರುಗಳು

ಗರಗಸ, ಅದರಲ್ಲೂ ನಾಲಿಗೆ ಕುಯ್ಯಲು ಬೆನ್ನಿಗೆ ಲೋಹದ ಪಟ್ಟಿಯಿರುವ ಸಣ್ಣ ಹಲ್ಲಿನ ಗರಗಸ. 6 ಮತ್ತು 18 ಮಿಲಿಮೀಟರಿನ ಉಳಿಗಳು, ಮರದ ಕೊಡತಿ, ರಂಧಾ, ಮೂಲೆಮಟ್ಟ, ಅಂಚಿಗೆ ಸಮಾನಾಂತರವಾಗಿ ಗೀರೆಳೆಯುವ ಖತ್ಕಶ್, ಬಾಗಿಲಿನ ಅಗಲವನ್ನು ಹಿಡಿಯಬಲ್ಲ ಎರಡು ಶಿಕಂಜಾ (ಬಿಗಿಯುವ ಕ್ಲ್ಯಾಂಪ್), ಜಾಡು ತೆಗೆಯಲು 6 ಮಿಲಿಮೀಟರಿನ ನೇರ ಬಿಟ್ ಇರುವ ಟ್ರಿಮ್ಮರ್ ಯಂತ್ರ. ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ಅರ್ಧ ದಿನ ಸುತ್ತಿದರೆ ಇವೆಲ್ಲ ಸಿಗುತ್ತವೆ. ಉಳಿಯನ್ನು ಮಸೆಯದೆ ಅಂಗಡಿಯಿಂದ ತಂದಂತೆಯೇ ಬಳಸಬೇಡಿ. ಹೊಸ ಉಳಿಗೆ ಮರವನ್ನು ಕತ್ತರಿಸುವಷ್ಟು ಹರಿತ ಇರುವುದಿಲ್ಲ. ಸೊಸೈಟಿಯಲ್ಲಿ ಯಂತ್ರದ ಸದ್ದಿಗೆ ಗೊತ್ತುಪಡಿಸಿದ ವೇಳೆಯಿದ್ದರೆ ಟ್ರಿಮ್ಮರಿನ ಕೆಲಸವನ್ನೆಲ್ಲ ಒಂದೇ ಬಾರಿಗೆ ಮುಗಿಸುವಂತೆ ಯೋಜಿಸಿಕೊಳ್ಳಿ. ಉಳಿದದ್ದು ಕೈಕೆಲಸ, ಮಧ್ಯಾಹ್ನ ಮಲಗಿದವರಿಗೂ ತೊಂದರೆಯಾಗದು.

ಮುಖ ಗುರುತು ಮತ್ತು ಜಾಡು

ನಾಲ್ಕೂ ಪಟ್ಟಿಗಳನ್ನು ರಂಧಾದಿಂದ ಒಂದೇ ದಪ್ಪಕ್ಕೆ ತನ್ನಿ. ಕೈಯಲ್ಲಿ ಆಗದಿದ್ದರೆ ವಖಾರಿಯ ಪಕ್ಕದ ಮಿಲ್ಲಿನಲ್ಲಿ ಯಂತ್ರಕ್ಕೆ ಕೊಟ್ಟು 20 ಮಿಲಿಮೀಟರಿಗೆ ಮಾಡಿಸಿ. ನೆಲದ ಮೇಲೆ ಬಾಗಿಲಿನ ಆಕಾರದಲ್ಲಿ ಜೋಡಿಸಿ, ಚೆನ್ನಾಗಿ ಕಾಣುವ ಬದಿಯನ್ನು ಮೇಲಕ್ಕಿಟ್ಟು, ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ‘ಮುಖ’ ಎಂದು ಬರೆಯಿರಿ. ಒಳಗಿನ ಅಂಚಿಗೂ ಒಂದು ಗುರುತು ಹಾಕಿ. ಇನ್ನು ಮುಂದೆ ಖತ್ಕಶ್ ಆಗಲಿ ಟ್ರಿಮ್ಮರಿನ ಗೈಡ್ ಆಗಲಿ ಈ ಮುಖಕ್ಕೇ ತಾಗಿರಬೇಕು, ಹಿಂಬದಿಗೆ ಎಂದೂ ತಾಗಬಾರದು. ಜಾಡು ನಡುವಿನಿಂದ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಚಿಂತೆಯಿಲ್ಲ, ಎಲ್ಲವೂ ಒಂದೇ ಬದಿಯಿಂದ ಅಳೆದದ್ದಾದರೆ ನಾಲ್ಕೂ ಜಾಡುಗಳು ಮೂಲೆಯಲ್ಲಿ ಸರಿಯಾಗಿ ಕೂಡುತ್ತವೆ. ಹೊಸಬರ ಚೌಕಟ್ಟಿನ ಮೂಲೆಗಳು ಮೆಟ್ಟಿಲಿನಂತೆ ಏರುಪೇರಾಗಲು ಮುಕ್ಕಾಲು ಪಾಲು ಈ ಒಂದು ಮರೆವೇ ಕಾರಣ.

ಜಾಡನ್ನು ಇಲ್ಲಿಯ ಬಡಗಿಗಳು ಖಾಂಚಾ ಎನ್ನುತ್ತಾರೆ. ಮುಖದಿಂದ 7 ಮಿ.ಮೀ. ಬಿಟ್ಟು, 6 ಮಿ.ಮೀ. ಅಗಲಕ್ಕೆ, ನಾಲ್ಕೂ ಪಟ್ಟಿಗಳ ಒಳ ಅಂಚಿನ ಉದ್ದಕ್ಕೂ ತುದಿಯಿಂದ ತುದಿಗೆ ಅದನ್ನು ತೆಗೆಯಿರಿ. 20 ಮಿಲಿಮೀಟರಿನ ಸಪೂರ ಅಂಚಿನ ಮೇಲೆ ಟ್ರಿಮ್ಮರ್ ಓಲಾಡುತ್ತದೆಯಾದ್ದರಿಂದ ಪಟ್ಟಿಯ ಹಿಂಬದಿಗೆ ಇನ್ನೊಂದು ದಪ್ಪ ಮರದ ತುಂಡನ್ನು ಅಂಚು ಸಮನಾಗುವಂತೆ ಬಿಗಿದುಕೊಂಡರೆ ಯಂತ್ರಕ್ಕೆ ಕೂರಲು ಅಗಲವಾದ ನೆಲೆ ಸಿಗುತ್ತದೆ. ಹತ್ತು ಮಿ.ಮೀ. ಆಳವನ್ನು ಒಂದೇ ಸಲ ತೆಗೆಯದೆ ಮೂರು ಸಲಕ್ಕೆ ಹಂಚಿ. ಯಂತ್ರವನ್ನು ನಿಮ್ಮಿಂದ ಮುಂದಕ್ಕೆ ತಳ್ಳುತ್ತ ಹೋಗುವಾಗ ಗೈಡ್ ಬಲಗಡೆಗಿರಲಿ. ಬಿಟ್ ತಿರುಗುವ ರಭಸಕ್ಕೆ ಯಂತ್ರ ಎಡಕ್ಕೆ ಸರಿಯಲು ನೋಡುತ್ತದೆ, ಆಗ ಗೈಡ್ ಮುಖಕ್ಕೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಡಗಡೆಗಿಟ್ಟರೆ ಅದೇ ರಭಸ ಜಾಡನ್ನು ಸೊಟ್ಟಗೊಳಿಸುತ್ತದೆ. ಕನ್ನಡಕವಿಲ್ಲದೆ ಈ ಯಂತ್ರವನ್ನು ಚಾಲೂ ಮಾಡಬಾರದು.

ಕಿಂಡಿ ಮತ್ತು ನಾಲಿಗೆ

ಬಾಗಿಲಿನ ಬಲವೆಲ್ಲ ಈ ನಾಲ್ಕು ಮೂಲೆಗಳಲ್ಲಿದೆ. ಪ್ಲೈವುಡ್ಡಿನ ಹಲಗೆಯಾಗಿದ್ದರೆ ಅದನ್ನು ಸುತ್ತಲೂ ಅಂಟಿಸಬಹುದಿತ್ತು, ಆಗ ಜಾಡಿನೊಳಗೆ ಕೂರುವ ಹತ್ತು ಮಿಲಿಮೀಟರಿನ ಗಿಡ್ಡ ನಾಲಿಗೆಯೇ ಸಾಕಾಗುತ್ತಿತ್ತು. ಗಟ್ಟಿಮರದ ಹಲಗೆಗೆ ನಾವು ಅಂಟು ಹಾಕುವುದಿಲ್ಲವಾದ್ದರಿಂದ ಬಾಗಿಲಿನ ಭಾರವನ್ನು ಮೂಲೆಯ ಬೆಸುಗೆಗಳೇ ಹೊರಬೇಕು, ಅದಕ್ಕೆ ಉದ್ದ ನಾಲಿಗೆ ಬೇಕು.

ಎರಡು ನಿಲುಪಟ್ಟಿಗಳನ್ನು ಜೊತೆಗಿಟ್ಟು ಎರಡರ ಮೇಲೂ ಒಟ್ಟಿಗೇ ಗುರುತು ಮಾಡಿ. ಹೆಚ್ಚಿಗೆ ಬಿಟ್ಟ 25 ಮಿ.ಮೀ. ಕಳೆದು ಬಾಗಿಲಿನ ನಿಜವಾದ ತುದಿ ಎಲ್ಲಿ ಬರುತ್ತದೋ ಅಲ್ಲಿ ಒಂದು ಗೆರೆ, ಅಲ್ಲಿಂದ 12 ಮಿಲಿಮೀಟರಿಗೆ ಇನ್ನೊಂದು, 50 ಮಿಲಿಮೀಟರಿಗೆ ಮತ್ತೊಂದು. ಕೊನೆಯ ಎರಡು ಗೆರೆಗಳ ನಡುವಿನ 38 ಮಿಲಿಮೀಟರೇ ಕಿಂಡಿಯ ಉದ್ದ. ಜಾಡು ಆಗಲೇ ಇರುವುದರಿಂದ ಅದರ ಎರಡು ಗೋಡೆಗಳು ಉಳಿಗೆ ದಾರಿ ತೋರಿಸುತ್ತವೆ. 6 ಮಿಲಿಮೀಟರಿನ ಉಳಿಯನ್ನು ಲಂಬವಾಗಿ ಹಿಡಿದು, ಕಿಂಡಿಯ ನಡುವಿನಿಂದ ಆರಂಭಿಸಿ ಎರಡೂ ಕಡೆಗೆ ಎರಡೆರಡು ಮಿಲಿಮೀಟರ್ ಸರಿಯುತ್ತ ಕೊಡತಿಯಿಂದ ಹೊಡೆಯಿರಿ, ಎದ್ದ ಚೂರುಗಳನ್ನು ತೆಗೆಯಿರಿ, ಮತ್ತೆ ಹೊಡೆಯಿರಿ. ಎರಡು ತುದಿಗಳ ಗೆರೆಗೆ ಕೊನೆಯಲ್ಲಷ್ಟೇ ಉಳಿಯನ್ನಿಡಬೇಕು, ಇಲ್ಲವಾದರೆ ಚೂರುಗಳನ್ನು ಮೀಟುವಾಗ ತುದಿಯ ಅಂಚು ಜಜ್ಜಿಹೋಗುತ್ತದೆ. ಆಳ ಪಟ್ಟಿಯ ಅಂಚಿನಿಂದ 36 ಮಿ.ಮೀ.: ನಾಲಿಗೆಗಿಂತ ಒಂದು ಮಿ.ಮೀ. ಹೆಚ್ಚು, ಉಳಿದ ಅಂಟು ನಿಲ್ಲಲು. ಮೊದಲೇ 6 ಮಿಲಿಮೀಟರಿಗಿಂತ ಸಣ್ಣ ಡ್ರಿಲ್ಲಿನಿಂದ ಸಾಲಾಗಿ ತೂತು ಹಾಕಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ, ಆದರೆ ಡ್ರಿಲ್ ವಾಲಿದರೆ ಕಿಂಡಿಯೂ ವಾಲುತ್ತದೆ. ನಾನು ಉಳಿಯನ್ನೇ ನೆಚ್ಚುತ್ತೇನೆ.

ಈಗ ಅಡ್ಡಪಟ್ಟಿಗಳು. ಎರಡೂ ತುದಿಗಳಿಂದ 35 ಮಿ.ಮೀ. ಬಿಟ್ಟು ಮೂಲೆಮಟ್ಟ ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಈ ಗೆರೆಯನ್ನು ಪೆನ್ಸಿಲಿನಿಂದಲ್ಲದೆ ಚೂಪಾದ ಚಾಕುವಿನಿಂದ ಎಳೆಯಬೇಕು. ಬಾಗಿಲು ಮುಗಿದ ಮೇಲೆ ಎರಡು ಪಟ್ಟಿಗಳು ಕೂಡುವ ಜಾಗದಲ್ಲಿ ಕಾಣುವುದು ಇದೇ ಗೆರೆ, ಚಾಕುವಿನ ಗೀರಿಗೆ ತಕ್ಕಂತೆ ಕುಯ್ದರೆ ಅಲ್ಲಿ ಕೂದಲೂ ತೂರದು. ನಾಲಿಗೆ ಆರಂಭವಾಗುವ ಈ ಗೆರೆಯ ಅಂಚೇ ಹೆಗಲು; ಎರಡು ಹೆಗಲುಗಳ ನಡುವಿನ ಅಂತರ ಎರಡೂ ಅಡ್ಡಪಟ್ಟಿಗಳಲ್ಲಿ ಸರಿಯಾಗಿ 280 ಇದೆಯೇ ಎಂದು ಅವನ್ನು ಬೆನ್ನಿಗೆ ಬೆನ್ನು ಹಿಡಿದು ನೋಡಿ. ಅಳತೆ ಒಂದೆರಡು ಮಿ.ಮೀ. ತಪ್ಪಿದರೂ ಬಾಗಿಲು ಉಳಿಯುತ್ತದೆ, ಎರಡೂ ಒಂದೇ ಸಮನಾಗಿಲ್ಲದಿದ್ದರೆ ಮಾತ್ರ ಬಾಗಿಲು ಎಂದೂ ಚೌಕಾಗದು.

ನಾಲಿಗೆಯ ದಪ್ಪವನ್ನು ಕಾಗದದ ಅಳತೆಯಿಂದಲ್ಲ, ಈಗಾಗಲೇ ತೆಗೆದ ಜಾಡಿನಿಂದ ಎತ್ತಿಕೊಳ್ಳಿ. ಗೀರಿನ ಹೊರಮಗ್ಗುಲಿಗೆ ಗರಗಸವಿಟ್ಟು ಕುಯ್ದು, ಉಳಿದ ಅರ್ಧ ಮಿಲಿಮೀಟರನ್ನು ಅಗಲವಾದ ಉಳಿಯಿಂದ ಚಕ್ಕೆ ಚಕ್ಕೆಯಾಗಿ ಹೆರೆದು, ಆಗಾಗ ಕಿಂಡಿಗಿಟ್ಟು ನೋಡುತ್ತಿರಿ. ಅಡ್ಡಪಟ್ಟಿಯ ಒಳ ಅಂಚಿನಲ್ಲಿ ಜಾಡು ಓಡಿರುವುದರಿಂದ ನಾಲಿಗೆಯ ಅಗಲದಲ್ಲಿ 10 ಮಿ.ಮೀ. ತಾನಾಗಿಯೇ ಹೋಗಿದೆ. ಹೊರ ಅಂಚಿನ ಕಡೆ 12 ಮಿ.ಮೀ. ಅಗಲಕ್ಕೆ ನಾಲಿಗೆಯನ್ನು ಪೂರಾ ಕತ್ತರಿಸಿ ಹಾಕದೆ, ಹೆಗಲಿನಿಂದ 10 ಮಿ.ಮೀ. ಉದ್ದ ಉಳಿಸಿಕೊಳ್ಳಿ. ನಿಲುಪಟ್ಟಿಯ ಜಾಡು ತುದಿಯವರೆಗೂ ಓಡಿದೆಯಲ್ಲ, ಈ ಗಿಡ್ಡ ನಾಲಿಗೆ ಅಲ್ಲಿ ಕೂತು ಜಾಡಿನ ಬಾಯಿಯನ್ನು ಮುಚ್ಚುತ್ತದೆ, ಪಟ್ಟಿ ತಿರುಚದಂತೆಯೂ ಹಿಡಿಯುತ್ತದೆ. ನಡುವೆ ಉಳಿದ 38 ಮಿಲಿಮೀಟರೇ ಉದ್ದ ನಾಲಿಗೆ.

ಹದ ಯಾವುದೆಂದು ಕೇಳಿದರೆ: ಕೈಯಿಂದ ಒತ್ತಿದಾಗ ಮೆಲ್ಲಗೆ ಒಳಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಕೊಡತಿಯ ಪೆಟ್ಟು ಬೇಕಾದರೆ ನಾಲಿಗೆ ದಪ್ಪವಿದೆ, ಅಂಟಿನ ತೇವಕ್ಕೆ ಇನ್ನಷ್ಟು ಉಬ್ಬಿ ನಿಲುಪಟ್ಟಿಯನ್ನು ಸೀಳುತ್ತದೆ. ಸಡಿಲವಾಗಿದ್ದರೆ ತೆಳುವಾದ ಮರದ ಸಿಪ್ಪೆಯನ್ನು ನಾಲಿಗೆಯ ಬದಿಗೆ ಅಂಟಿಸಿ ಮತ್ತೆ ಹೆರೆಯಬಹುದು, ಅದರಲ್ಲಿ ನಾಚಿಕೆಯೇನಿಲ್ಲ.

ಹಲಗೆ

ಮುನ್ನೂರು ಮಿ.ಮೀ. ಅಗಲದ ಒಂಟಿ ಹಲಗೆ ಸಿಗುವುದು ಅಪರೂಪ, ಸಿಕ್ಕರೂ ಬಾಗುತ್ತದೆ. ನೂರು ಮಿ.ಮೀ. ಆಸುಪಾಸಿನ ಮೂರು ತುಂಡುಗಳನ್ನು ಅಂಚಿಗೆ ಅಂಚು ಅಂಟಿಸಿ. ಎರಡು ತುಂಡುಗಳ ಅಂಚುಗಳನ್ನು ಒಟ್ಟಿಗೆ ಬಿಗಿದು ಒಂದೇ ಬಾರಿಗೆ ರಂಧಾ ಹೊಡೆದರೆ, ರಂಧಾ ಸ್ವಲ್ಪ ಓರೆಯಾದರೂ ಪುಸ್ತಕ ಬಿಚ್ಚಿದಂತೆ ತೆರೆದಾಗ ಒಂದರ ಓರೆ ಇನ್ನೊಂದರಿಂದ ಸರಿಹೋಗುತ್ತದೆ. ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ತೋರಬಾರದು. ಒಂದು ಕಾಲದಲ್ಲಿ ಈ ಊರಿನ ಬಡಗಿಗಳು ಕುದಿಸಿ ಕಾಯಿಸಿದ ಸರೇಸ್ ಅಂಟನ್ನು ಬಳಸುತ್ತಿದ್ದರು. 1959ರಲ್ಲಿ ಮುಂಬಯಿಯ ಪಿಡಿಲೈಟ್ ತಂದ ಬಿಳಿಯ ಫೆವಿಕಾಲ್ ಅದರ ಜಾಗವನ್ನು ಹಿಡಿಯಿತು. ಅಡುಗೆಮನೆಯ ಕಪಾಟಿಗಾದರೆ ನೀರು ತಡೆಯುವ ಬಗೆಯದನ್ನೇ ಕೊಳ್ಳಿ. ಬೇಸಗೆಯಲ್ಲಿ ಮೂರು ನಾಲ್ಕು ಗಂಟೆ ಬಿಗಿದಿಟ್ಟರೆ ಸಾಕು, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಬೇಕು.

ಅಂಟು ಒಣಗಿದ ಮೇಲೆ ಹಲಗೆಯನ್ನು 12 ಮಿ.ಮೀ. ದಪ್ಪಕ್ಕೆ ತಂದು ಮೇಲೆ ಹೇಳಿದ ಅಳತೆಗೆ ಕುಯ್ಯಿರಿ. ಹಿಂಬದಿಯಲ್ಲಿ ಸುತ್ತಲೂ 11 ಮಿ.ಮೀ. ಅಗಲಕ್ಕೆ ಅರ್ಧ ದಪ್ಪವನ್ನು ತೆಗೆದುಹಾಕಿದರೆ 6 ಮಿ.ಮೀ. ದಪ್ಪದ ಅಂಚು ಉಳಿಯುತ್ತದೆ, ಅದೇ ಜಾಡಿನೊಳಗೆ ಹೋಗುವುದು. ಹೀಗೆ ಮಾಡಿದಾಗ ಹಲಗೆಯ ಮುಖ ಚೌಕಟ್ಟಿಗಿಂತ 7 ಮಿ.ಮೀ. ಒಳಗೆ ಕೂರುತ್ತದೆ, ಬೆನ್ನು ಚೌಕಟ್ಟಿನ ಬೆನ್ನಿಗಿಂತ ಒಂದು ಮಿ.ಮೀ. ಒಳಗೆ. ಮುಂಬದಿಯ ಅಂಚುಗಳನ್ನು ಇಳಿಜಾರಾಗಿ ಕೆತ್ತಿ ನಡುವನ್ನು ಉಬ್ಬಿಸುವ ಚಂದದ ಬಗೆಯೊಂದಿದೆ, ಆದರೆ ಸಾರಿಗೆ ಒಗ್ಗರಣೆ ಹಾಕುವ ಮನೆಯಲ್ಲಿ ಆ ಇಳಿಜಾರಿನ ಮೇಲೆ ಜಿಡ್ಡು ಕೂರುವುದನ್ನು ನೋಡಿದ ಮೇಲೆ ನಾನು ಸಪಾಟಾದ ಹಲಗೆಗೇ ಶರಣಾಗಿದ್ದೇನೆ.

ಒಂದು ಮಾತನ್ನು ಮರೆಯಬಾರದು: ಹಲಗೆಯನ್ನು ಚೌಕಟ್ಟಿಗೆ ಸೇರಿಸುವ ಮೊದಲೇ 120, 180, 220ರ ಪಾಲಿಶ್ ಪೇಪರಿನಿಂದ ಎಳೆಯ ಉದ್ದಕ್ಕೂ ಉಜ್ಜಿ, ಅಂಚುಗಳೂ ಸೇರಿದಂತೆ ಎರಡೂ ಮುಖಗಳಿಗೆ ಬಣ್ಣ ಮತ್ತು ಪಾಲಿಶ್ ಹಚ್ಚಿ ಒಣಗಿಸಬೇಕು. ಸೇರಿಸಿದ ಮೇಲೆ ಹಚ್ಚಿದರೆ, ಚಳಿಗಾಲದಲ್ಲಿ ಹಲಗೆ ಕುಗ್ಗಿದಾಗ ಎರಡು ಬದಿಯಲ್ಲೂ ಪಾಲಿಶ್ ಕಾಣದ ಬಿಳಿಚಿದ ಗೆರೆ ಹೊರಬೀಳುತ್ತದೆ. ಅಷ್ಟೇ ಅಲ್ಲದೆ ಸಂದಿಗೆ ಇಳಿದ ಪಾಲಿಶೇ ಅಂಟಿನಂತೆ ಹಲಗೆಯನ್ನು ಹಿಡಿದುಬಿಡುತ್ತದೆ. ಒಂದೇ ಮುಖಕ್ಕೆ ಹಚ್ಚುವುದೂ ತಪ್ಪು: ಹಚ್ಚದ ಮುಖ ಬೇಗ ತೇವ ಹೀರಿ ಹಲಗೆ ಬಾಗುತ್ತದೆ.

ಕೂಡಿಸುವುದು

ಮೊದಲು ಅಂಟಿಲ್ಲದೆ ಎಲ್ಲವನ್ನೂ ಕೂಡಿಸಿ, ಶಿಕಂಜಾದಿಂದ ಬಿಗಿದು ನೋಡಿ. ಬಿಗಿದ ಮೇಲೂ ಹಲಗೆಯನ್ನು ಬೆರಳಿನಿಂದ ತಳ್ಳಿದರೆ ಅಡ್ಡಕ್ಕೆ ಅಲುಗಾಡಬೇಕು. ಅಲುಗಾಡದಿದ್ದರೆ ಅಂಚಿನಿಂದ ಒಂದು ಪದರ ತೆಗೆಯಿರಿ. ಜಾಡಿನ ಒಳ ಅಂಚುಗಳನ್ನೂ ಈಗಲೇ ಉಜ್ಜಿಬಿಡಿ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಅಂಟನ್ನು ಕಿಂಡಿಯ ಗೋಡೆಗಳಿಗೂ ನಾಲಿಗೆಯ ಕೆನ್ನೆಗಳಿಗೂ (ಎರಡು ಅಗಲ ಬದಿಗಳಿಗೂ) ತೆಳುವಾಗಿ ಹಚ್ಚಿ. ಹೆಗಲಿನ ಹತ್ತಿರ ಕಡಿಮೆಯಿರಲಿ. ಉಕ್ಕಿಬಂದ ಅಂಟು ಜಾಡಿಗೆ ಹರಿದರೆ ಹಲಗೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಲಗೆಯ ಮೂಲೆಗಳಿಗೆ ಸ್ವಲ್ಪ ಮೇಣ ಸವರಿಡುವುದು ಇದಕ್ಕೆ ಒಳ್ಳೆಯ ರಕ್ಷೆ. ಒಂದು ನಿಲುಪಟ್ಟಿಗೆ ಎರಡು ಅಡ್ಡಪಟ್ಟಿಗಳನ್ನು ಸೇರಿಸಿ, ಹಲಗೆಯನ್ನು ಜಾರಿಸಿ, ಇನ್ನೊಂದು ನಿಲುಪಟ್ಟಿಯನ್ನು ಮುಚ್ಚಿ. ಹಲಗೆ ಗಾಳಿಗೆ ಗಡಗಡ ಎನ್ನಬಾರದೆಂದರೆ ಎರಡೂ ಬದಿಯ ಜಾಡಿನ ತಳದಲ್ಲಿ ಸೈಕಲ್ ಟ್ಯೂಬಿನ ಕಿರಿದಾದ ಚೂರುಗಳನ್ನು ಎರಡೆರಡು ಇಡಿ; ಅವು ಹಲಗೆಯನ್ನು ನಡುವಿಗೆ ತಳ್ಳಿ ಹಿಡಿಯುತ್ತವೆ, ಉಬ್ಬಿದಾಗ ಅದುಮಿಕೊಳ್ಳುತ್ತವೆ.

ಶಿಕಂಜಾ ಬಿಗಿದ ಕೂಡಲೇ ಎರಡು ಕರ್ಣಗಳನ್ನು ಅಳೆಯಿರಿ. ಬಾಗಿಲಿನ ನಿಜವಾದ ಮೂಲೆಗಳಿಂದ ಅಳೆದರೆ ಎರಡೂ 721 ಮಿ.ಮೀ. ಬರಬೇಕು. ಒಂದು ಉದ್ದವಿದ್ದರೆ ಶಿಕಂಜಾವನ್ನು ಆ ಉದ್ದ ಕರ್ಣದ ಕಡೆಗೆ ಸ್ವಲ್ಪ ಓರೆಯಾಗಿಸಿ ಬಿಗಿದರೆ ಚೌಕಟ್ಟು ಸರಿಯಾಗುತ್ತದೆ. ಇದಾದ ಮೇಲೆ ತಿರುಚನ್ನು ನೋಡಿ: ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳ ಮೇಲೆ ನೇರವಾದ ಎರಡು ಪಟ್ಟಿಗಳನ್ನಿಟ್ಟು, ಒಂದು ಕಣ್ಣು ಮುಚ್ಚಿ, ಹತ್ತಿರದ ಪಟ್ಟಿಯ ಅಂಚಿನಾಚೆ ದೂರದ್ದು ಸಮನಾಗಿ ಕಾಣುತ್ತದೆಯೇ ನೋಡಿ. ಕರ್ಣ ಸರಿಯಿದ್ದೂ ತಿರುಚಿದ ಬಾಗಿಲಿನ ಒಂದು ಮೂಲೆ ಕಪಾಟಿನಿಂದ ಎದ್ದೇ ನಿಲ್ಲುತ್ತದೆ, ಅಂಟು ಒಣಗಿದ ಮೇಲೆ ಅದಕ್ಕೆ ಮದ್ದಿಲ್ಲ. ಹೆಚ್ಚಿನ ಮನೆಗಳಲ್ಲಿ ಅತ್ಯಂತ ಸಪಾಟಾದ ಜಾಗವೆಂದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ. ಹಳೆಯ ಪತ್ರಿಕೆ ಹಾಸಿ ಅದರ ಮೇಲೆಯೇ ಬಾಗಿಲನ್ನು ರಾತ್ರಿಯಿಡೀ ಒಣಗಲು ಬಿಡಿ, ಮನೆಯವರ ಅನುಮತಿ ಮೊದಲೇ ಪಡೆದುಕೊಳ್ಳಿ.

ಪಾಲಿಶ್ ಮತ್ತು ಬಿಜಾಗರಿ

ಮರುದಿನ ನಿಲುಪಟ್ಟಿಗಳ ಹೆಚ್ಚುವರಿ ತುದಿಗಳನ್ನು ಕತ್ತರಿಸಿ, ಬೆಸುಗೆಗಳ ಏರುಪೇರನ್ನು ರಂಧಾದಿಂದ ಒಂದು ಪದರ ತೆಗೆದು ಸಮ ಮಾಡಿ, ಚೌಕಟ್ಟಿಗೂ ಪಾಲಿಶ್ ಹಚ್ಚಿ. ಅರಗಿನ ಫ್ರೆಂಚ್ ಪಾಲಿಶನ್ನು ಮಳೆಗಾಲದ ದಿನ ಹಚ್ಚಬೇಡಿ. ಸ್ಪಿರಿಟ್ ಆರುವಾಗ ಗಾಳಿಯ ತೇವ ಅದರ ಮೇಲೆ ಕೂತು ಪಾಲಿಶ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಅಡುಗೆಮನೆಗೆ ಅದು ಹೇಗೂ ಸಲ್ಲದು, ಬಿಸಿಗೂ ನೀರಿಗೂ ಕಲೆಯಾಗುತ್ತದೆ. ಪಿ.ಯು. (ಪಾಲಿಯುರಿಥೇನ್) ಪಾಲಿಶ್ ಒಳ್ಳೆಯದು, ಹಚ್ಚುವಾಗ ಕಿಟಕಿಗಳೆಲ್ಲ ತೆರೆದಿರಲಿ.

ಬಿಜಾಗರಿಗೆ ಅಂಗಡಿಯಲ್ಲಿ ಆಟೋ ಹಿಂಜ್ ಎಂದು ಕೇಳಿದರೆ ಯಾವ ಕ್ರ್ಯಾಂಕ್, ಅಂದರೆ ಬಿಜಾಗರಿಯ ತೋಳಿನ ಬಾಗು ಎಷ್ಟು, ಎಂದು ತಿರುಗಿ ಕೇಳುತ್ತಾರೆ. ಪೆಟ್ಟಿಗೆಯ ಅಂಚನ್ನು ಪೂರ್ತಿ ಮುಚ್ಚುವ ಬಾಗಿಲಿಗೆ 0 ಕ್ರ್ಯಾಂಕ್, ಒಂದೇ ನಡುಗೋಡೆಯನ್ನು ಎರಡು ಬಾಗಿಲುಗಳು ಹಂಚಿಕೊಂಡರೆ 8, ಪೆಟ್ಟಿಗೆಯ ಒಳಗೇ ಕೂರುವ ಬಾಗಿಲಿಗೆ 16. ನಮಗೆ ಬೇಕಾದ್ದು 0. ನಿಲುಪಟ್ಟಿಯ ಬೆನ್ನಿಗೆ, ಮೇಲಿನ ಮತ್ತು ಕೆಳಗಿನ ತುದಿಗಳಿಂದ 90 ಮಿ.ಮೀ. ಬಿಟ್ಟು, ಹೊರ ಅಂಚಿನಿಂದ 22.5 ಮಿಲಿಮೀಟರಿಗೆ ನಡುಬಿಂದು ಬರುವಂತೆ, 35 ಮಿಲಿಮೀಟರಿನ ಬಿಟ್ಟಿನಿಂದ ಬಿಜಾಗರಿಯ ಬಟ್ಟಲು ಕೂರುವ ಗುಂಡಿ ಕೊರೆಯಿರಿ. ಇದಕ್ಕಿಂತ ಮೇಲಕ್ಕೆ ಸರಿಸಿದರೆ ಗುಂಡಿ ಕಿಂಡಿಯನ್ನು ತಲುಪಿ ನಾಲಿಗೆಯನ್ನೇ ಕಡಿಯುತ್ತದೆ, ಎಷ್ಟೋ ಬಾಗಿಲುಗಳು ಮೇಲಿನ ಮೂಲೆಯಲ್ಲಿ ಸಡಿಲವಾಗುವುದು ಹೀಗೆಯೇ. ಆಳ 12.5 ಮಿ.ಮೀ.; ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿ ಮೊದಲು ಚೂರು ಮರದ ಮೇಲೆ ಕೊರೆದು ನೋಡಿ. ಬಿಟ್ಟಿನ ನಡುವಿನ ಮೊನೆ ಉದ್ದವಿದ್ದರೆ ಮುಖದಲ್ಲಿ ತೂತು ಕಾಣಿಸಿಬಿಡುತ್ತದೆ. ಗಟ್ಟಿ ತೇಗಕ್ಕೆ ಸ್ಕ್ರೂ ಹಾಕುವ ಮುನ್ನ ಸಣ್ಣ ತೂತು ಹೊಡೆದು ಸ್ಕ್ರೂಗೆ ಸಾಬೂನು ಸವರಿ, ಇಲ್ಲವಾದರೆ ತಲೆ ಕಿತ್ತುಬರುತ್ತದೆ.

ಬಾಗಿಲು ತೂಗಿದ ಮೇಲೆ ಬಿಜಾಗರಿಯ ಮುಂದಿನ ಸ್ಕ್ರೂವಿನಿಂದ ಅದನ್ನು ಎಡಬಲಕ್ಕೂ ಹಿಂದಿನದರಿಂದ ಒಳಹೊರಗೂ ಸರಿಸಬಹುದು; ಎತ್ತರ ಬದಲಿಸಲು ಪೆಟ್ಟಿಗೆಗೆ ಕೂರಿಸಿದ ತಟ್ಟೆಯ ಸ್ಕ್ರೂಗಳನ್ನು ಸಡಿಲಿಸಬೇಕು. ಸುತ್ತಲಿನ ಸಂದಿ ಸಮನಾಗಿ ಕಾಣುವವರೆಗೆ ಇವನ್ನು ಅರ್ಧರ್ಧ ಸುತ್ತು ತಿರುಗಿಸಿ. ಮೊದಲ ಮಳೆಗಾಲದಲ್ಲಿ ಬಾಗಿಲು ಪಕ್ಕದ ಬಾಗಿಲಿಗೆ ತಾಗತೊಡಗಿದರೆ ರಂಧಾ ಎತ್ತಬೇಡಿ: ಮುಂದಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಬಾಗಿಲನ್ನು ಆಚೆ ಸರಿಸಿ, ಎಷ್ಟು ತಿರುಗಿಸಿದಿರೆಂದು ಕಪಾಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ, ದೀಪಾವಳಿ ಕಳೆದ ಮೇಲೆ ಅಷ್ಟನ್ನೇ ಹಿಂದಕ್ಕೆ ತಿರುಗಿಸಿ.